ಬಣಕಲ್ ಗ್ಯಾರೇಜಿನ ಸೊಸೆ ಮತ್ತು ಅವಳ ಫ್ರೇಮುಗಳು

ನಮ್ಮ ಬಣಕಲ್‌ನಲ್ಲಿ ಕುಬ್ರಾಳ ವಿಷಯ ಕೇಳಿದರೆ "ಗ್ಯಾರೇಜಿನ ಸೊಸೆಯಾ? ಅವಳು ಕಂಪ್ಯೂಟರ್ ರಿಪೇರಿ ಮಾಡ್ತಾಳೆ" ಎನ್ನುತ್ತಾರೆ. ನನಗೆ ರೇಗುತ್ತದೆ. ಅವಳು ಕಂಪ್ಯೂಟರಿನ ಒಂದು ಸ್ಕ್ರೂ ಬಿಚ್ಚಿದ್ದನ್ನು ನಾನು ಈವರೆಗೆ ಕಂಡಿಲ್ಲ. ಒಂದು ಪ್ರೋಗ್ರಾಮು ಕೆಟ್ಟು ನಿಂತಾಗ ಅದು ಎಲ್ಲಿ ಕೆಟ್ಟಿತು ಎಂದು ಹುಡುಕಿಕೊಡಲು ಇನ್ನೊಂದು ಪ್ರೋಗ್ರಾಮು ಇರುತ್ತದೆ, ಅದಕ್ಕೆ ಡೀಬಗ್ಗರ್ ಎಂದು ಹೆಸರು. ಕುಬ್ರಾ ಆ ಡೀಬಗ್ಗರನ್ನೇ ರಿಪೇರಿ ಮಾಡುವವಳು. ಅಂದರೆ ರಿಪೇರಿ ಸಾಮಾನಿಗೇ ರಿಪೇರಿ. ಇದನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಜನಕ್ಕೆ ಬಿಡಿಸಿ ಹೇಳಿದ್ದೇನೆ. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ "ನಮ್ಮನೆ ಕಂಪ್ಯೂಟರ್ ಆನ್ ಆಗ್ತಾನೇ ಇಲ್ಲ ಮಾರಾಯ, ಅವಳಿಗೊಂದು ಮಾತು ಹೇಳು" ಎನ್ನುತ್ತಾರೆ.

ನಾನು ಕುಮಾರ್. ಹೆದ್ದಾರಿಯ ಪಕ್ಕ ನನ್ನದೊಂದು ಎಸ್‌ಟಿಡಿ ಬೂತು, ಜೆರಾಕ್ಸು; ಆಮೇಲೆ ಒಳಕೋಣೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೆ ಇಂಟರ್‌ನೆಟ್ಟು. ನನ್ನ ಅಂಗಡಿಗೆ ತಾಗಿಕೊಂಡೇ ಹಬೀಬುರ್ರಹ್ಮಾನ್ ಅವರ ಗ್ಯಾರೇಜು. ಊರಿಗೆಲ್ಲ ಅವರು ಸಾಬ್ರು, ನನಗೆ ಹಬೀಬಣ್ಣ. ಎರಡರ ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಗಿರಾಕಿಗೆ ಬೈದರೆ ಅವರು ಆ ಕಡೆಯಿಂದ ನಗುತ್ತಾರೆ. ಎಸ್ಟೇಟಿನ ಜೀಪು, ಪಿಕಪ್ಪು, ಚಾರ್ಮಾಡಿ ಘಾಟಿ ಹತ್ತಿ ಏದುಸಿರು ಬಿಡುತ್ತಾ ಬಂದ ಲಾರಿ ಎಲ್ಲಕ್ಕೂ ಅವರೇ ಡಾಕ್ಟರು. ಇಂಜಿನ್ ಬಿಚ್ಚಿದರೆ ಒಂದೊಂದು ಭಾಗವನ್ನೂ ಬಿಚ್ಚಿದ ಸಾಲಿನಲ್ಲೇ ಗೋಣಿಚೀಲದ ಮೇಲೆ ಜೋಡಿಸುತ್ತಾರೆ. ಆ ಚೀಲವನ್ನು ಯಾರೂ ದಾಟುವಂತಿಲ್ಲ. ಎಂಥ ದೊಡ್ಡ ಸಾಹುಕಾರರು ಬಂದರೂ ಸುತ್ತಿಕೊಂಡು ಬರಬೇಕು.

ಕುಬ್ರಾ ಅವರ ಮಗ ಫಯಾಜನ ಹೆಂಡತಿ. ಮೂಡಿಗೆರೆಯ ಹುಡುಗಿ. ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಓದಿ, ತೊಂಬತ್ತರ ದಶಕದ ಕೊನೆಗೆ ಮೂಡಿಗೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಕಾಫಿಗೆ ಒಳ್ಳೆಯ ರೇಟು ಬಂದು, ಎಸ್ಟೇಟಿನವರೆಲ್ಲ ಒಂದೊಂದು ಕಂಪ್ಯೂಟರ್ ಕೊಂಡು ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದ ಕಾಲ ಅದು. ಆಳುಗಳ ಹಾಜರಿ ಹಾಕಲು ಇವಳೊಂದು ಪ್ರೋಗ್ರಾಮು ಬರೆದುಕೊಟ್ಟಿದ್ದಳು. ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ಅದು ಆಗಾಗ ನಿಂತುಬಿಡುತ್ತಿತ್ತು. ಏಕೆಂದು ಡೀಬಗ್ಗರಿಗೆ ಹಾಕಿ ನೋಡಿದರೆ ಡೀಬಗ್ಗರು ಹೇಳುತ್ತಿದ್ದುದೇ ಸುಳ್ಳು. ಬೇರೆ ಯಾರಾದರೂ ಆಗಿದ್ದರೆ ಮಷೀನಿಗೆ ನಾಲ್ಕು ಬೈದು ಮನೆಗೆ ಹೋಗುತ್ತಿದ್ದರು. ಆದರೆ ಆ ಡೀಬಗ್ಗರು ಎಲ್ಲೆಲ್ಲಿಯ ಜನರೋ ಸೇರಿ ಬರೆದು ಬಿಟ್ಟಿಯಾಗಿ ಹಂಚಿದ್ದು. ಅದರ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ಇವಳು ಓದಿದಳು, ತಪ್ಪು ಹುಡುಕಿದಳು, ತಿದ್ದಿ ಕಳಿಸಿದಳು. ಅವರು ಸೇರಿಸಿಕೊಂಡರು. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಮದುವೆಯಾಗಿ ಬಣಕಲ್‌ಗೆ ಬಂದಳು, ಮಗಳು ಸನಾ ಹುಟ್ಟಿದಳು. ಸನಾ ಶಾಲೆಗೆ ಹೋಗಲು ಶುರುವಾದ ಮೇಲೆ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, "ಕುಮಾರಣ್ಣ, ನಿಮ್ಮ ಒಳಗಿನ ಕಂಪ್ಯೂಟರ್ ಮಧ್ಯಾಹ್ನ ಖಾಲಿ ಇರ್ತದಾ?" ಎಂದು ಕೇಳಿದಳು. ನಮ್ಮೂರಲ್ಲಿ ಮಧ್ಯಾಹ್ನ ಖಾಲಿ ಇಲ್ಲದ್ದು ಯಾವುದಿದೆ? ಬಂದು ಕೂತುಕೋ ಎಂದೆ. ಅಡುಗೆ ಮುಗಿಸಿ ಬಂದು, ಸನಾಳ ಶಾಲೆ ಬಿಡುವ ಹೊತ್ತಿಗೆ ಏಳುವುದು. ಹೀಗೆ ಅದೆಷ್ಟೋ ವರ್ಷ. ಮಳೆಗಾಲದಲ್ಲಿ ಲೈನಿನ ಮೇಲೆ ಸಿಲ್ವರ್ ಓಕ್ ಮರ ಬಿದ್ದರೆ ಫೋನೂ ಇಲ್ಲ, ಕರೆಂಟೂ ಇಲ್ಲ; ಆಗ ಬರಹವನ್ನು ಜೆರಾಕ್ಸ್ ಹಾಳೆಯಲ್ಲಿ ಪ್ರಿಂಟ್ ಮಾಡಿಟ್ಟುಕೊಂಡಿದ್ದನ್ನು ಬಾಗಿಲ ಬೆಳಕಿನಲ್ಲಿ ಕೂತು ಓದುತ್ತಿದ್ದಳು.

ಅವಳ ಕೆಲಸ ಏನೆಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಕೊನೆಗೆ ಎಸ್ಟೇಟಿನ ಲೆಕ್ಕದಲ್ಲೇ ಹೇಳಿಕೊಟ್ಟಳು. ಸಾಹುಕಾರರು ಲೆಕ್ಕ ಬರೆಯುವ ರೈಟರಿಗೆ ಹೇಳುತ್ತಾರೆ, ರೈಟರು ಮೇಸ್ತ್ರಿಗೆ, ಮೇಸ್ತ್ರಿ ಆಳಿಗೆ. ಆಳು ಹೋಗಿ ಕಡಿಯಬಾರದ ನೆರಳಿನ ಮರವನ್ನು ಕಡಿದುಬಿಡುತ್ತಾನೆ. ಆಗ ಅವನನ್ನು ನಿಲ್ಲಿಸಿ "ಯಾರೋ ನಿಂಗೆ ಹೇಳಿದ್ದು?" ಎಂದು ಕೇಳುತ್ತಾ ಒಬ್ಬೊಬ್ಬರನ್ನೇ ಹಿಡಿದು ಮೇಲಕ್ಕೆ ಹೋಗಬೇಕು. ಪ್ರೋಗ್ರಾಮಿನ ಒಳಗೂ ಹಾಗೆ. ಒಂದು ಕೆಲಸ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಪ್ರತಿಯೊಂದಕ್ಕೂ ತನ್ನ ಸಾಮಾನು ಇಟ್ಟುಕೊಳ್ಳಲು ಒಂದು ಜಾಗ, ಅದೇ ಫ್ರೇಮು. ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿದ್ದು ಸ್ಟ್ಯಾಕು. ಕೆಟ್ಟು ನಿಂತ ಕಡೆಯಿಂದ ಯಾರನ್ನು ಯಾರು ಕರೆದರು ಎಂದು ಕೇಳುತ್ತಾ ಹಿಂದಕ್ಕೆ ಹೋಗುವುದು ಡೀಬಗ್ಗರಿನ ಕೆಲಸ. ಆ ಕೇಳುವ ಭಾಗವನ್ನು ನೋಡಿಕೊಳ್ಳುವವಳು ಇವಳು.

ಇನ್ನು ಅವರ ಮನೆಯ ವಿಷಯ ಹೇಳಬೇಕು. ಕುಬ್ರಾ ಬಣಕಲ್‌ಗೆ ಬಂದಾಗಿನಿಂದ ಮಾವನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವಲ್ಲ, ಮರ್ಯಾದೆ. ಅವರು ಬಂದರೆ ದುಪಟ್ಟಾ ಸರಿಮಾಡಿಕೊಂಡು ಒಳಗೆ ಸರಿಯುವುದು, ಅವರು ಇವಳ ಮುಖ ನೋಡದೆ ಗೋಡೆ ನೋಡುತ್ತಾ ಕೂರುವುದು. ಇದೇನು ಅವರ ಮನೆಯಲ್ಲಿ ಮಾತ್ರ ಎಂದುಕೊಳ್ಳಬೇಡಿ. ನನ್ನ ಹೆಂಡತಿಯೂ ನನ್ನ ಅಪ್ಪ ತೀರಿಹೋಗುವವರೆಗೆ ಬಾಗಿಲ ಸಂದಿಯಿಂದಲೇ ಮಾತಾಡಿದವಳು. ಆದರೆ ನಮ್ಮಲ್ಲಿ ಅಮ್ಮ ಇದ್ದರು. ಹಬೀಬಣ್ಣನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಹಾಗಾಗಿ ಮಾವ ಸೊಸೆಯ ನಡುವಿನ ಮಾತೆಲ್ಲ ಓಡಾಡಬೇಕಾದದ್ದು ಫಯಾಜನ ಮೂಲಕ.

ಫಯಾಜ್ ಚಿನ್ನದಂಥ ಹುಡುಗ. ಹೊರನಾಡಿಗೆ ದೇವರ ದರ್ಶನಕ್ಕೆ ಹೋಗುವವರನ್ನು ತನ್ನ ಜೀಪಿನಲ್ಲಿ ಕರೆದೊಯ್ಯುತ್ತಾನೆ. ವಾಂತಿ ಮಾಡುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅವರಿಗೆ ನಿಂಬೆಹಣ್ಣನ್ನೂ ಕೊಡುತ್ತಾನೆ. ಆದರೆ ಉದ್ದ ಮಾತು ಅವನಿಗೆ ಆಗುವುದಿಲ್ಲ. ನೀವು ಒಂದು ಮಾರು ಹೇಳಿ ಕಳಿಸಿದರೆ ಅವನು ಒಂದು ಗೇಣು ತಲುಪಿಸುತ್ತಾನೆ. ಒಮ್ಮೆ ಹಬೀಬಣ್ಣ ಮೀನು ಸಾರು ಉಂಡು, "ಇವತ್ತು ಖಾರ ಏನು ಜಾಸ್ತಿ ಇತ್ತಪ್ಪ, ಬೆವರು ಕಿತ್ಕೊಂಡು ಬಂತು, ವಾರದ ಶೀತ ಬಿಟ್ಟೇ ಹೋಯ್ತು, ಇಂಥ ಸಾರು ಉಂಡು ಎಷ್ಟು ಕಾಲ ಆಗಿತ್ತು" ಎಂದರಂತೆ. ಫಯಾಜ್ ಒಳಗೆ ಹೋಗಿ, "ಅಬ್ಬಾಗೆ ಖಾರ ಜಾಸ್ತಿ ಆಯ್ತಂತೆ" ಎಂದ. ಅವತ್ತಿನಿಂದ ಆ ಮನೆಯಲ್ಲಿ ಸಪ್ಪೆ ಸಾರು. ಹಬೀಬಣ್ಣ ಮಧ್ಯಾಹ್ನ ನನ್ನ ಊಟದ ಡಬ್ಬಿಯಿಂದ ಉಪ್ಪಿನಕಾಯಿ ಕೇಳಿ ತಿನ್ನುತ್ತಿದ್ದುದು ಏಕೆಂದು, ಫಯಾಜ್ ಹೀಗೆ ಅಂದನೆಂದು ಕುಬ್ರಾ ಹೇಳಿದ್ದರೂ, ನನಗೆ ಆಗ ಹೊಳೆದಿರಲಿಲ್ಲ.

ಮಧ್ಯಾಹ್ನ ಎಂದಾಗ ಇನ್ನೊಂದು ನೆನಪಾಯಿತು. ಕೆಲವು ವರ್ಷಗಳಿಂದ ಸಾಬ್ರು ಮಧ್ಯಾಹ್ನ ಡೆಂಟ್ ತೆಗೆಯುವುದಿಲ್ಲ ಎಂದು ಊರಲ್ಲಿ ದೂರಿತ್ತು. ತಟ್ಟುವ ಕುಟ್ಟುವ ಕೆಲಸವಿದ್ದರೆ ಬೆಳಿಗ್ಗೆಯೇ ಗಾಡಿ ತರಬೇಕು. ಊಟದ ನಂತರ ಕಾರ್ಬ್ಯುರೇಟರ್ ತೊಳೆಯುವುದು, ವೈರಿಂಗ್ ನೋಡುವುದು, ಇಂಥ ಸದ್ದಿಲ್ಲದ ಕೆಲಸ ಮಾತ್ರ. ಕೇಳಿದವರಿಗೆಲ್ಲ ನಾನೇ "ವಯಸ್ಸಾಯ್ತಲ್ಲ ಮಾರಾಯ, ರಟ್ಟೆ ಸೋತಿರ್ತದೆ" ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ.

ಎರಡು ಸಾವಿರದ ಎಂಟನೇ ಇಸವಿ. ಹೂ ಮಳೆ ಬಿದ್ದು, ಕಾಫಿ ಅರಳಿ ತೋಟವೆಲ್ಲ ಬೆಳ್ಳಗಾಗಿದ್ದ ವಾರ. ಕುಬ್ರಾ ಬಂದವಳು ಕಂಪ್ಯೂಟರ್ ಹಾಕದೆ ಸುಮ್ಮನೆ ಕೂತಿದ್ದಳು.

"ಕುಮಾರಣ್ಣ, ನಾನು ಇದನ್ನ ಬಿಡ್ತೀನಿ. ಈಗ ಒಪ್ಪಿಕೊಂಡಿರೋ ಕೆಲಸ ಒಂದು ಮುಗಿಸಿ, ಆಮೇಲೆ ಬರಲ್ಲ."

"ಎಂತ ಆಯ್ತು ಮಾರಾಯ್ತಿ?"

"ನಾನು ಇಲ್ಲಿ ಬಂದು ಕೂರೋದು ಮಾವನಿಗೆ ಇಷ್ಟ ಇಲ್ವಂತೆ. ಇವರು ಹೇಳಿದ್ರು."

ಅವರ ಮನೆ ವಿಷಯ, ನನ್ನ ಅಂಗಡಿ. ಬಾಯಿ ಹಾಕಿದರೆ ನನ್ನ ಸ್ವಾರ್ಥಕ್ಕೆ ಹಾಕಿದಂತೆ. ಆ ಹುಡುಗಿ ಕೀಬೋರ್ಡಿನ ಮುಂದೆ ಕೂತರೆ ಅವಳ ಮುಖವೇ ಬೇರೆಯಾಗುತ್ತಿತ್ತು, ಸನಾಳಷ್ಟೇ ಚಿಕ್ಕವಳಾಗಿಬಿಡುತ್ತಿದ್ದಳು. ಅದನ್ನು ದಿನಾ ಕಂಡವನು ನಾನು. ಹಲಗೆ ಗೋಡೆಯ ಆ ಕಡೆ ಇರುವ ಮನುಷ್ಯನ ಮೇಲೆ ಮೊದಲ ಸಲ ಸಿಟ್ಟು ಬಂತು. ಅವತ್ತು ಉಪ್ಪಿನಕಾಯಿ ಕೇಳಿದಾಗ ಖಾಲಿಯಾಗಿದೆ ಎಂದೆ.

ಅವಳು ಒಪ್ಪಿಕೊಂಡಿದ್ದ ಕೊನೆಯ ಕೆಲಸವೂ ಜಗಳದಿಂದಲೇ ಶುರುವಾಗಿತ್ತು. ಆ ಡೀಬಗ್ಗರಿನ ಕೆಲಸವನ್ನೆಲ್ಲ ನೋಡಿಕೊಳ್ಳುವ ಹೊರದೇಶದವನೊಬ್ಬನಿದ್ದ. ನಾನು ಅವನಿಗೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದೆ. ಹಳೆಯ ಬರಹದಲ್ಲಿ ಒಂದು ಪದ್ಧತಿ ಇತ್ತು. ಒಂದು ಫ್ರೇಮಿನ ವಿಷಯ ತಿಳಿಯಬೇಕಾದರೆ ಆ ಫ್ರೇಮನ್ನೇ ಕೇಳುವಂತಿಲ್ಲ, ಅದು ಕರೆದ ಕಿರಿಯ ಫ್ರೇಮನ್ನು ಕೇಳಬೇಕು. ಏಕೆಂದರೆ ಹಿರಿಯದು ಬಿಟ್ಟುಬಂದ ಸಾಮಾನನ್ನು ಕಿರಿಯದು ತನ್ನ ಬಳಿ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಮೇಸ್ತ್ರಿ ಇದನ್ನು ಬದಲಿಸೋಣ ಎಂದ. ಜನರಿಗೆ ಗಲಿಬಿಲಿಯಾಗುತ್ತಿದೆ, ಯಾರನ್ನು ಕೇಳುತ್ತಿದ್ದೇವೆ, ಯಾರ ವಿಷಯ ಕೇಳುತ್ತಿದ್ದೇವೆ ಎಂದು ತಿಳಿಯದೆ ಒಂದು ಮೆಟ್ಟಿಲು ತಪ್ಪುತ್ತಿದ್ದಾರೆ, ಇನ್ನು ಮುಂದೆ ಯಾವ ಫ್ರೇಮಿನ ವಿಷಯ ಬೇಕೋ ಅದನ್ನೇ ನೇರವಾಗಿ ಕೇಳುವಂತೆ ಎಲ್ಲ ಕಡೆ ಶುಚಿಮಾಡೋಣ ಎಂದು ಬರೆದ.

ಕುಬ್ರಾ ಉರಿದುಬಿದ್ದಳು. ಹಿರಿಯರ ವಿಷಯವನ್ನು ಕಿರಿಯರ ಮೂಲಕ ತಿಳಿಯುವುದರಲ್ಲಿ ಗಲಿಬಿಲಿ ಏನಿದೆ, ಇಷ್ಟು ಸ್ಪಷ್ಟವಾದದ್ದನ್ನು ಏಕೆ ಕೆಡಿಸುತ್ತೀರಿ ಎಂದು ಉದ್ದಕ್ಕೆ ಬರೆದು ಕಳಿಸಿದಳು. ಮೇಸ್ತ್ರಿಯ ಉತ್ತರ ಬಂತು: ಇಷ್ಟು ವರ್ಷದಲ್ಲಿ ಇದು ಸ್ಪಷ್ಟವಾಗಿದೆ ಎಂದವರು ನೀವೊಬ್ಬರೇ. ಅವಳು ಅದನ್ನು ನನಗೆ ಓದಿ ಹೇಳಿ, "ನೋಡಿ ಕುಮಾರಣ್ಣ, ಇವರಿಗೆ ಇಷ್ಟೂ ಅರ್ಥ ಆಗಲ್ವಾ?" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. "ಅಲ್ಲ ಮಾರಾಯ್ತಿ, ಅವರಿಗೆ ಹೆಂಗೆ ಅರ್ಥ ಆಗ್ಬೇಕು? ಅವರ ದೇಶದಲ್ಲಿ ಮಾವನಿಗೆ ಟೀ ಬೇಕಾ ಅಂತ ಮಾವನನ್ನೇ ಕೇಳ್ತಾರೆ. ನೀನು ಫಯಾಜನ್ನ ಕೇಳ್ತೀಯ. ನಿಂಗೆ ಅದು ಸ್ಪಷ್ಟವಾಗೇ ಕಾಣ್ತದೆ."

ಅವಳು ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ಸಂಜೆಯೇ ಮೇಸ್ತ್ರಿಗೆ ಒಪ್ಪಿಗೆ ಬರೆದಳು. ಒಪ್ಪಿದ್ದಷ್ಟೇ ಅಲ್ಲ, ಯಾರೂ ಮುಟ್ಟಲು ಮುಂದೆ ಬಾರದ ಹಳೆಯ ಹಳೆಯ ಮಷೀನುಗಳ ಭಾಗವನ್ನೆಲ್ಲ ತಾನೇ ಶುಚಿಮಾಡುತ್ತೇನೆ ಎಂದೂ ಬರೆದಳು. ಅದಾದ ಸ್ವಲ್ಪ ದಿನಕ್ಕೇ ಫಯಾಜ್ ಮನೆಯಲ್ಲಿ ಆ ಮಾತು ಹೇಳಿದ್ದು.

ಹಾಗಾಗಿ ಅವಳು ಆ ಕೆಲಸವನ್ನು ಮಾಡಿದ ರೀತಿ ನೋಡಲು ಸಂಕಟವಾಗುತ್ತಿತ್ತು. ಬಿಟ್ಟುಹೋಗುವ ಮನೆಯನ್ನು ಗುಡಿಸಿ ಸಾರಿಸುವವರ ಹಾಗೆ ಒಂದು ಮೂಲೆಯನ್ನೂ ಬಿಡಲಿಲ್ಲ. ಒಂದೊಂದು ಜಾತಿಯ ಮಷೀನಿಗೆ ಒಂದೊಂದು ಫೈಲು. ಒಂದೊಂದರಲ್ಲೂ ಕಿರಿಯದನ್ನು ಕೇಳುವ ಹಳೆಯ ಸಾಲು ತೆಗೆದು, ನೇರವಾಗಿ ಕೇಳುವ ಸಾಲು ಬರೆಯಬೇಕು. ಒಳಗೆ ಸಾಮಾನು ಬರುವುದು ಈಗಲೂ ಕಿರಿಯದರ ಕಡೆಯಿಂದಲೇ. ಆದರೆ ಆ ಓಡಾಟವೆಲ್ಲ ಈಗ ಒಂದೇ ಕಡೆ, ಒಂದೇ ಜವಾಬ್ದಾರಿ. ಉಳಿದವರು "ಫ್ರೇಮೇ, ನಿನ್ನ ವಿಷಯ ಹೇಳು" ಎಂದರೆ ಮುಗಿಯಿತು. ಬರೆದ ಮೇಲೆ ಪರೀಕ್ಷೆ ಓಡಿಸಿ ಕೂರುವುದು. ಅದು ಮುಗಿಯುವವರೆಗೆ ಸನಾಳ ಲಂಗಕ್ಕೆ ಹೆಮ್ಮಿಂಗ್ ಹಾಕುತ್ತಿದ್ದಳು.

ಒಂದು ಹಳೆಯ ಮಷೀನಿನ ಫೈಲಿನಲ್ಲಿ ಮಾತ್ರ ಗಾಡಿ ನಿಂತಿತು. ಎಷ್ಟು ತಿದ್ದಿದರೂ ಹಿಂದಕ್ಕೆ ಕೇಳುತ್ತಾ ಹೋಗುವಾಗ ನಡುವೆ ಎಲ್ಲೋ ದಾರಿ ತಪ್ಪಿ, ಇಲ್ಲದ ಊರಿನ ಹೆಸರು ಹೇಳುತ್ತಿತ್ತು. ಹುಡುಕಿ ಹುಡುಕಿ ಒಂದು ದಿನ "ಸಿಕ್ತು!" ಎಂದು ಕೂಗಿದಳು. ನಾನು ಜೆರಾಕ್ಸ್ ಬಿಟ್ಟು ಓಡಿದೆ. ನಡುವೆ ನಿಂತು ಸುದ್ದಿ ಒಯ್ಯುವ ಒಂದು ಸಣ್ಣ ತುಂಡು ಇತ್ತಂತೆ. ಮೇಲಿನವರು ಕೊಟ್ಟ ಉದ್ದದ ವಿಳಾಸವನ್ನು ಅದು ಚಿಕ್ಕ ಡಬ್ಬಿಗೆ ಹಾಕಿಕೊಳ್ಳುತ್ತಿತ್ತು. ಡಬ್ಬಿಯಲ್ಲಿ ಹಿಡಿಸಿದಷ್ಟು ಅರ್ಧ ಮಾತ್ರ ಆ ಕಡೆಗೆ ತಲುಪುತ್ತಿತ್ತು.

"ಸುಳ್ಳು ಹೇಳ್ತಿರಲಿಲ್ಲ ಕುಮಾರಣ್ಣ. ಅರ್ಧ ಹೇಳ್ತಿತ್ತು ಅಷ್ಟೇ."

"ನಮ್ಮ ಫಯಾಜನ ಹಾಗೆ" ಎಂದೆ, ತಮಾಷೆಗೆ. ಅವಳೂ ನಕ್ಕಳು. ಇಬ್ಬರೂ ದಡ್ಡರು. ಅಷ್ಟು ಹತ್ತಿರ ಬಂದಿದ್ದರೂ ಯೋಚಿಸಲಿಲ್ಲ.

ಮುಂಗಾರು ಹಿಡಿಯುವ ಮೊದಲು ಕೆಲಸ ಮುಗಿಯಿತು. ಕೊನೆಯ ಫೈಲು ಕಳಿಸಿದಳು. ಮೇಸ್ತ್ರಿ ಅದನ್ನು ಸೇರಿಸಿಕೊಂಡು, ಇಷ್ಟು ಚೊಕ್ಕವಾಗಿ ಯಾರೂ ಮಾಡಿರಲಿಲ್ಲ, ಮುಂದಿನ ಭಾಗಕ್ಕೆ ಯಾವಾಗ ಕೈ ಹಾಕುತ್ತೀರಿ ಎಂದು ಬರೆದಿದ್ದ. ಕುಬ್ರಾ ಅದಕ್ಕೆ ಉತ್ತರ ಬರೆಯಲಿಲ್ಲ. ಮಾನಿಟರನ್ನು ಒರೆಸಿದಳು, ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದಳು, "ಬರ್ತೀನಿ ಕುಮಾರಣ್ಣ" ಎಂದಳು. ಕಣ್ಣು ತುಂಬಿತ್ತು.

ನನಗೆ ತಡೆಯಲಾಗಲಿಲ್ಲ. "ನಿಲ್ಲು" ಎಂದು ಗದರಿದೆ. "ನಿನ್ನ ಮಾವ ನಿಜವಾಗ್ಲೂ ಏನು ಹೇಳಿದ್ರು?"

"ನಾನು ಇಲ್ಲಿ ಕೂರೋದು ಇಷ್ಟ ಇಲ್ಲ ಅಂತ."

"ಅದು ಫಯಾಜ್ ಹೇಳಿದ್ದು. ಅವರು ಏನು ಹೇಳಿದ್ರು?"

ಅವಳು ಕೀಬೋರ್ಡಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಮತ್ತೆ ಸರಿಮಾಡಿದಳು.

"ಇಷ್ಟು ದಿನ ಕೂತು ಲೋಕದ ಫ್ರೇಮಿಗೆಲ್ಲ ನೇರ ಕೇಳೋದು ಕಲಿಸಿದ್ಯಲ್ಲ ತಾಯಿ. ಖಾರ ಜಾಸ್ತಿ ಅಂದ್ರೂ ಅವನೇ, ಇಷ್ಟ ಇಲ್ಲ ಅಂದ್ರೂ ಅವನೇ. ಫಯಾಜ್ ಹೊರನಾಡಿಗೆ ಹೋಗಿದ್ದಾನೆ. ನಿನ್ನ ಮಾವ ಆ ಗೋಡೆ ಆಚೆ ಇದ್ದಾರೆ. ಹೋಗಿ ಕೇಳು."

ಅವಳು ಹೋಗುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಬಾಗಿಲಲ್ಲಿ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಗ್ಯಾರೇಜಿನ ಕಡೆ ತಿರುಗಿದಳು. ನಾನು ಅಂಗಡಿ ಬಿಟ್ಟು ಹಿಂದೆಯೇ ಹೋದೆ. ನಾಚಿಕೆ ಇಲ್ಲದವನು ಎನ್ನಿ, ಪರವಾಗಿಲ್ಲ.

ಹಬೀಬಣ್ಣ ನೆಲದ ಮೇಲೆ ಕೂತು ಒಂದು ಜೀಪಿನ ಕಾರ್ಬ್ಯುರೇಟರ್ ತೊಳೆಯುತ್ತಿದ್ದರು. ಮುಂದೆ ಗೋಣಿಚೀಲ, ಅದರ ಮೇಲೆ ಸಾಲಾಗಿ ಬಿಡಿಭಾಗ. ಕುಬ್ರಾ ಚೀಲದ ಅಂಚಿಗೆ ಬಂದು ನಿಂತಳು. ಅಬ್ಬಾ ಎಂದೂ ಕರೆಯಲಿಲ್ಲ, ಮಾವ ಎಂದೂ ಕರೆಯಲಿಲ್ಲ.

"ನಾನು ಕುಮಾರಣ್ಣನ ಅಂಗಡೀಲಿ ಕೂತು ಕೆಲಸ ಮಾಡೋದು ನಿಮಗೆ ಇಷ್ಟ ಇಲ್ಲ ಅಂತ ಇವರು ಹೇಳಿದ್ರು. ಹೌದಾ?"

ಕನ್ನಡದಲ್ಲಿ ಕೇಳಿದಳು. ಅವರ ಮನೆಯ ಮಾತು ಉರ್ದು. ಉರ್ದುವಿನಲ್ಲಿ ಅವಳು ಸೊಸೆ, ಅವರು ಮಾವ. ಅಲ್ಲಿ ಆ ಪ್ರಶ್ನೆ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಕನ್ನಡ ರಸ್ತೆಯ ಮಾತು, ಗ್ಯಾರೇಜಿನ ಮಾತು. ಯಾರು ಬೇಕಾದರೂ ಬಂದು ಸಾಬ್ರನ್ನು ಏನು ಬೇಕಾದರೂ ಕೇಳಬಹುದು.

ಹಬೀಬಣ್ಣನ ಕೈ ನಿಂತಿತು. ತಲೆ ಎತ್ತಲಿಲ್ಲ. ಅವರೂ ಕನ್ನಡದಲ್ಲೇ, ಗಿರಾಕಿಗೆ ಗಾಡಿಯ ಸ್ಥಿತಿ ಹೇಳುವ ಧಾಟಿಯಲ್ಲಿ ಹೇಳಿದರು.

"ಹೌದು. ಇಷ್ಟ ಇಲ್ಲ."

ಕುಬ್ರಾ ಕದಲಲಿಲ್ಲ.

"ಆ ಒಳರೂಮಲ್ಲಿ ಬೆಳಕೇ ಇಲ್ಲ, ನಿಮ್ಮ ಕಣ್ಣು ಹಾಳಾಗ್ತದೆ. ನಮ್ಮ ಸ್ಪೇರ್‌ಪಾರ್ಟ್ ರೂಮು ಖಾಲಿ ಮಾಡಿ, ಒಂದು ಕಿಟಕಿ ಇಡಿಸಿ, ಅಲ್ಲಿಗೇ ಒಂದು ಫೋನು, ಒಂದು ಕಂಪ್ಯೂಟರ್ ಹಾಕಿಸೋಣ, ಅವಳನ್ನ ಕೇಳು ಅಂತ ಫಯಾಜ್‌ಗೆ ಹೇಳಿದ್ದೆ. ಅವನು ಬಂದು, ಅವಳು ಬಿಟ್ಟೇ ಬಿಡ್ತಾಳಂತೆ ಅಂದ. ನಿಮಗೇ ಬೇಡ ಅಂದ್ರೆ ನಾನು ಏನು ಹೇಳೋದು?"

'ನೀವು' ಎಂದರು, ಸೊಸೆಗೆ. ಏನಾದರೂ ಹೇಳಬೇಕಲ್ಲ, ಕುಬ್ರಾ ಬಾಯಿಗೆ ಬಂದದ್ದು ಹೇಳಿದಳು. "ಇಲ್ಲಿ ಕೂತ್ರೆ... ನಿಮ್ಮ ಕೆಲಸಕ್ಕೆ ತೊಂದರೆ ಆಗಲ್ವಾ? ಸುತ್ತಿಗೆ ಹಿಡಿಯೋ ಕೆಲಸ."

ಆಗ ಹಬೀಬಣ್ಣ ಮೊದಲ ಸಲ ಮುಖ ಎತ್ತಿ ಸೊಸೆಯನ್ನು ನೋಡಿದರು.

"ನೀವು ಆ ಗೋಡೆ ಪಕ್ಕ ಕೂರೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು? ಮಧ್ಯಾಹ್ನ ಒಂದು ದಿನನಾದ್ರೂ ನನ್ನ ಸುತ್ತಿಗೆ ಸದ್ದು ಕೇಳಿದೀರಾ?"

ಕುಬ್ರಾ ನಿಂತಲ್ಲೇ ಅತ್ತುಬಿಟ್ಟಳು. ನಾನು ಜೀಪಿನ ಟೈರು ನೋಡುವವನ ಹಾಗೆ ಆ ಕಡೆ ತಿರುಗಿದೆ. ರಟ್ಟೆ ಸೋತಿದೆ ಎಂದು ಊರಿಗೆಲ್ಲ ಹೇಳಿದ್ದೆನಲ್ಲ, ಆ ಬಾಯಿಗೆ ಏನು ಹಾಕಬೇಕೋ ತಿಳಿಯಲಿಲ್ಲ. ಹಬೀಬಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಮತ್ತೆ ನೆಲ ನೋಡುತ್ತಾ, "ಇನ್ನೊಂದು ವಿಷಯ" ಎಂದರು. "ಮೀನು ಸಾರಿಗೆ ಸ್ವಲ್ಪ ಖಾರ ಹಾಕಿ. ಕುಮಾರನ ಉಪ್ಪಿನಕಾಯಿಯೂ ಈಗೀಗ ಸಿಗ್ತಿಲ್ಲ."

"ಹಾಕ್ತೀನಿ, ಅಬ್ಬಾ" ಎಂದಳು.

ಸಂಜೆ ಫಯಾಜ್ ಬಂದಾಗ ನಾನು ಅವನನ್ನು ರಸ್ತೆಯಲ್ಲೇ ಹಿಡಿದು ಚೆನ್ನಾಗಿ ಉಗಿದೆ. ಎಲ್ಲ ಕೇಳಿ ಅವನು ಪಾಪ, ನಿಜವಾಗಿಯೂ ಆಶ್ಚರ್ಯಪಟ್ಟು, "ನಾನೂ ಅದನ್ನೇ ಅಲ್ವಾ ಕುಮಾರಣ್ಣ ಹೇಳಿದ್ದು?" ಎಂದ.

ಆ ಮಳೆಗಾಲ ಮುಗಿಯುವುದರೊಳಗೆ ಸ್ಪೇರ್‌ಪಾರ್ಟ್ ರೂಮಿಗೆ ದೊಡ್ಡ ಕಿಟಕಿ ಬಂತು. ಮೇಸ್ತ್ರಿಯ ಮುಂದಿನ ಕೆಲಸವನ್ನು ಕುಬ್ರಾ ಅಲ್ಲಿ ಕೂತೇ ಮಾಡಿದಳು. ಮನೆಯೊಳಗೆ ಮಾವ ಸೊಸೆ ಈಗಲೂ ಫಯಾಜನ ಮೂಲಕವೇ ಮಾತಾಡುವುದು, ಉರ್ದುವಿನಲ್ಲಿ. ಮುಖ್ಯವಾದ ಮಾತು ಏನಾದರೂ ಇದ್ದರೆ ಅವಳು ಗೋಣಿಚೀಲದ ಅಂಚಿಗೆ ಬಂದು ನಿಂತು ಕನ್ನಡದಲ್ಲಿ ಕೇಳುತ್ತಾಳೆ.

ನನ್ನ ಒಳಕೋಣೆ ಮಧ್ಯಾಹ್ನ ಖಾಲಿ. ಊಟ ಮುಗಿಸಿ ಕುರ್ಚಿಗೆ ಒರಗಿ ಗೋಡೆಗೆ ಕಿವಿ ಕೊಡುತ್ತೇನೆ. ಆ ಕಡೆಯಿಂದ ಏನೂ ಸದ್ದಿಲ್ಲದಿದ್ದರೆ ಕುಬ್ರಾ ಕೆಲಸಕ್ಕೆ ಕೂತಿದ್ದಾಳೆ ಎಂದು ನನಗೆ ಗೊತ್ತಾಗುತ್ತದೆ.